ಕೀನ್ಯಾದ ಶಿಲ್ಲಿಂಗ್ ಮತ್ತು ಅದರ ನೋಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನೈರೋಬಿಗೆ ಕೆಲಸಕ್ಕೆ ಹೊರಟವರು, ಮಸಾಯಿ ಮಾರಾ ನೋಡಲು ಟಿಕೆಟ್ ಮಾಡಿಸಿದವರು, ಹಳೆಯ ನೋಟು ನಾಣ್ಯ ಕೂಡಿಡುವ ಗೆಳೆಯರು, ಅರ್ಥಶಾಸ್ತ್ರ ಓದುವ ಮಕ್ಕಳು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಮೊದಲಿಗೆ ಸರಳವಾದವು, ಕೊನೆಯಲ್ಲಿ ಸ್ವಲ್ಪ ಆಳದವು. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು, ಪ್ರತಿ ಉತ್ತರವೂ ತನ್ನಷ್ಟಕ್ಕೆ ಪೂರ್ತಿಯಾಗಿದೆ. ಎಲ್ಲವನ್ನೂ ಓದಿದವರಿಗೆ ಒಂದು ವಿಷಯ ಮನದಟ್ಟಾಗಬೇಕೆಂಬುದು ನನ್ನ ಆಸೆ: ನೋಟಿನ ಮೇಲೆ ಯಾರ ಮುಖ ಇರಬೇಕು ಎಂಬ ಪ್ರಶ್ನೆಯನ್ನು ಕೀನ್ಯಾದ ಜನ ನಮಗಿಂತ ಹೆಚ್ಚು ಗಂಭೀರವಾಗಿ ಚರ್ಚಿಸಿದ್ದಾರೆ.

## ಮೊದಲ ಪರಿಚಯ

ಕೀನ್ಯಾದಲ್ಲಿ ಯಾವ ದುಡ್ಡು ನಡೆಯುತ್ತೆ?

ಕೀನ್ಯಾ ಶಿಲ್ಲಿಂಗ್. ಒಂದು ಶಿಲ್ಲಿಂಗ್‌ಗೆ 100 ಸೆಂಟ್. ಬ್ಯಾಂಕಿನ ಕಾಗದಪತ್ರಗಳಲ್ಲಿ ಕೆಇಎಸ್ ಎಂಬ ಮೂರಕ್ಷರದ ಸಂಕೇತ ಕಾಣುತ್ತದೆ. ಅಂಗಡಿಯ ಬೆಲೆಚೀಟಿಯಲ್ಲಿ ಮಾತ್ರ ಮೊತ್ತದ ಮುಂದೆ ಒಂದು ಓರೆಗೆರೆ, ಎರಡು ಅಡ್ಡಗೆರೆ ಹಾಕಿ 250/= ಎಂದು ಬರೆಯುವುದೇ ರೂಢಿ. ನಮ್ಮೂರಿನ ರಸೀದಿಯಲ್ಲಿ 250/- ಎಂದು ಬರೆದು ನೋಡಿದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ನೋಟು, ನಾಣ್ಯ ಹೊರಡಿಸುವ ಅಧಿಕಾರ ಕೀನ್ಯಾದ ಕೇಂದ್ರ ಬ್ಯಾಂಕಿನದು. ನೋಟಿನ ಮೇಲೆ ಆ ಬ್ಯಾಂಕಿನ ಹೆಸರು ಸ್ವಾಹಿಲಿಯಲ್ಲಿ ‘ಬೆಂಕಿ ಕೂ ಯಾ ಕೆನ್ಯಾ’ ಎಂದಿರುತ್ತದೆ.

ಎಷ್ಟೆಷ್ಟರ ನೋಟು ಇವೆ? ನಾಣ್ಯ?

ನೋಟು ಐದು ಬಗೆ: 50, 100, 200, 500 ಮತ್ತು 1000. ನಾಣ್ಯ 1, 5, 10 ಮತ್ತು 20 ಶಿಲ್ಲಿಂಗ್. ಮ್ವಾಯಿ ಕಿಬಾಕಿ ಅಧ್ಯಕ್ಷರಾಗಿದ್ದಾಗ, ಸ್ವಾತಂತ್ರ್ಯಕ್ಕೆ ನಲವತ್ತು ವರ್ಷ ತುಂಬಿದ ನೆನಪಿಗೆ 2003ರಲ್ಲಿ 40 ಶಿಲ್ಲಿಂಗ್ ನಾಣ್ಯವೊಂದು ಬಂದಿತ್ತು. ಅದು ಈಗ ಕೈಗೆ ಸಿಗುವುದು ಅಪರೂಪ. ಸೆಂಟ್ ನಾಣ್ಯಗಳಿಗೆ ದಿನಬಳಕೆಯಲ್ಲಿ ಕೆಲಸವೇ ಉಳಿದಿಲ್ಲ.

ನೂರು ರೂಪಾಯಿ ಕೊಟ್ರೆ ಎಷ್ಟು ಶಿಲ್ಲಿಂಗ್ ಬರುತ್ತೆ?

2024-25ರ ದರದಲ್ಲಿ ಸುಮಾರು 150, ಹೊರಡುವ ಮುನ್ನ ಆ ದಿನದ ದರ ನೋಡಿಕೊಳ್ಳಿ. 2024ರ ನಡುವಿನಿಂದ ಒಂದು ಡಾಲರಿಗೆ 129 ಶಿಲ್ಲಿಂಗ್ ಆಸುಪಾಸಿನಲ್ಲಿ ದರ ನಿಂತಿತ್ತು. ಅದೇ ಹೊತ್ತಿಗೆ ಡಾಲರಿಗೆ ನಮ್ಮ ದರ 83ರಿಂದ 88 ರೂಪಾಯಿ. ಹಾಗಾಗಿ ರೂಪಾಯಿಗೆ ಒಂದೂವರೆ ಶಿಲ್ಲಿಂಗ್ ಅನ್ನುವ ಲೆಕ್ಕ ಆಗ ಹೆಚ್ಚು ತಪ್ಪುತ್ತಿರಲಿಲ್ಲ. ಆದರೆ ರೂಪಾಯಿ ಮತ್ತು ಶಿಲ್ಲಿಂಗ್ ನಡುವೆ ನೇರ ವ್ಯಾಪಾರ ಬಹಳ ಕಡಿಮೆ. ಎರಡೂ ಕಡೆ ಡಾಲರನ್ನು ನಡುವೆ ಇಟ್ಟುಕೊಂಡೇ ದರ ಕಟ್ಟುತ್ತಾರೆ, ಎರಡು ಸಲ ಕಮಿಷನ್ ಹೋಗುತ್ತದೆ. ಕಾಗದದ ಮೇಲಿನ ದರಕ್ಕೂ ನಿಮ್ಮ ಕೈಗೆ ಬರುವ ಮೊತ್ತಕ್ಕೂ ವ್ಯತ್ಯಾಸ ಆಗುವುದು ಅದಕ್ಕೇ.

ತಾಂಜಾನಿಯಾ, ಉಗಾಂಡದಲ್ಲೂ ಶಿಲ್ಲಿಂಗ್ ಅಂತಾರಲ್ಲ, ಅದೂ ಇದೇನಾ?

ಅಲ್ಲ. ಹೆಸರು ಒಂದೇ, ದುಡ್ಡು ಬೇರೆ. 1966ರವರೆಗೆ ಮೂರೂ ದೇಶಗಳಿಗೆ ಪೂರ್ವ ಆಫ್ರಿಕದ ಶಿಲ್ಲಿಂಗ್ ಎಂಬ ಒಂದೇ ನಾಣ್ಯವಿತ್ತು. ಆ ವರ್ಷ ಮೂವರೂ ತಮ್ಮ ತಮ್ಮ ಕೇಂದ್ರ ಬ್ಯಾಂಕ್ ಕಟ್ಟಿಕೊಂಡು ಬೇರೆಯಾದರು. ಬೇರೆಯಾದ ದಿನ ಮೂರರ ಬೆಲೆಯೂ ಸಮ. ಈಗ ನೋಡಿದರೆ ಒಂದು ಡಾಲರಿಗೆ ಕೀನ್ಯಾದ್ದು ನೂರಿಪ್ಪತ್ತು ಚಿಲ್ಲರೆ, ತಾಂಜಾನಿಯಾದ್ದು ಎರಡೂವರೆ ಸಾವಿರದ ಆಸುಪಾಸು, ಉಗಾಂಡದ್ದು ಮೂರೂವರೆ ಸಾವಿರಕ್ಕೂ ಮೇಲೆ. ತಾಂಜಾನಿಯಾದ ಅರುಶಾ ಕಡೆಯಿಂದ ಗಡಿ ದಾಟಿ ಬರುವವರು ಜೇಬಿನ ನೋಟುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಸೋಮಾಲಿಯಾಕ್ಕೂ ತನ್ನದೇ ಶಿಲ್ಲಿಂಗ್ ಇದೆ, ಅದರ ಕತೆ ಪೂರ್ತಿ ಬೇರೆ.

## ಹೋಗಿಬರುವವರಿಗೆ

ಇಲ್ಲಿಂದ ರೂಪಾಯಿ ತಗೊಂಡು ಹೋಗ್ಲಾ, ಡಾಲರ್ ತಗೊಂಡು ಹೋಗ್ಲಾ?

ಡಾಲರ್. ನೈರೋಬಿಯಲ್ಲಿ ಭಾರತೀಯ ಮೂಲದ ವ್ಯಾಪಾರಿಗಳು ಬಹಳ ಮಂದಿ ಇದ್ದರೂ ರೂಪಾಯಿಗೆ ಒಳ್ಳೆಯ ದರ ಸಿಗುವುದಿಲ್ಲ. ಡಾಲರ್ ನೋಟು ಹೊಸದಾಗಿ, ಹರಿಯದೆ, ಗೀಚಿಲ್ಲದೆ ಇರಲಿ. ತುಂಬ ಹಳೆಯ ವರ್ಷ ಅಚ್ಚಾದ ಡಾಲರ್ ನೋಟನ್ನು ಪೂರ್ವ ಆಫ್ರಿಕದ ಹಲವು ವಿನಿಮಯ ಅಂಗಡಿಗಳು ಮುಟ್ಟುವುದೇ ಇಲ್ಲ, ಮುಟ್ಟಿದರೂ ದರ ಇಳಿಸುತ್ತವೆ. ಕೇಂದ್ರ ಬ್ಯಾಂಕಿನ ಪರವಾನಗಿ ಗೋಡೆಗೆ ತೂಗುಹಾಕಿರುವ ಅಂಗಡಿಯಲ್ಲೇ ಬದಲಾಯಿಸಿ, ರಸೀದಿ ಕೇಳಿ ಪಡೆಯಿರಿ. ರಸ್ತೆಯಲ್ಲಿ ಹತ್ತಿರ ಬಂದು ‘ಒಳ್ಳೆ ರೇಟು ಕೊಡ್ತೀನಿ’ ಅನ್ನುವವರ ಜತೆ ಮಾತು ಬೆಳೆಸಬೇಡಿ, ಅದು ಕಾನೂನುಬಾಹಿರ. ಹತ್ತು ಸಾವಿರ ಡಾಲರ್ ಅಥವಾ ಅದಕ್ಕೆ ಸಮನಾದ ನಗದು ಮೀರಿದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು.

ಅಲ್ಲಿ ಎಲ್ಲಾ ಫೋನಲ್ಲೇ ಕೊಡ್ತಾರಂತೆ, ನೋಟು ಬೇಕಾಗುತ್ತಾ?

ಫೋನಿನಲ್ಲೇ ಹಣ ಕಳಿಸುವ ಎಂ-ಪೇಸಾ ಕೀನ್ಯಾದ ಹೆಮ್ಮೆ. 2007ರ ಮಾರ್ಚ್‌ನಲ್ಲಿ ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಂ ಇದನ್ನು ಶುರುಮಾಡಿದಾಗ ನಮ್ಮಲ್ಲಿ ಯುಪಿಐ ಎಂಬ ಮಾತೇ ಹುಟ್ಟಿರಲಿಲ್ಲ. ಇದಕ್ಕೆ ಸ್ಮಾರ್ಟ್‌ಫೋನೂ ಬೇಡ, ಬ್ಯಾಂಕ್ ಖಾತೆಯೂ ಬೇಡ. ಗುಂಡಿ ಒತ್ತುವ ಸಾದಾ ಫೋನು ಸಾಕು. ಊರೂರಿನ ಪೆಟ್ಟಿಗೆ ಅಂಗಡಿಯೇ ಏಜೆಂಟ್. ನೀವು ನೋಟು ಕೊಟ್ಟರೆ ಅಷ್ಟು ಮೊತ್ತ ನಿಮ್ಮ ಫೋನಿಗೆ ಏರುತ್ತದೆ, ಬೇಕಾದಾಗ ಇನ್ನೊಂದು ಊರಿನ ಏಜೆಂಟ್ ಹತ್ತಿರ ನೋಟಾಗಿ ಇಳಿಸಿಕೊಳ್ಳಬಹುದು. ನಗರಕ್ಕೆ ದುಡಿಯಲು ಬಂದ ಮಗ ಹಳ್ಳಿಯ ತಾಯಿಗೆ ಹಣ ಕಳಿಸಲು ಬಸ್ಸಿನ ಡ್ರೈವರ್ ಕೈಗೆ ಲಕೋಟೆ ಕೊಡುವ ಕಾಲವನ್ನು ಕೊನೆಗೊಳಿಸಿದ್ದು ಇದೇ ವ್ಯವಸ್ಥೆ.

ಅಂದಮಾತ್ರಕ್ಕೆ ನೋಟು ಬೇಡ ಎಂದಲ್ಲ. ಸಂತೆಯಲ್ಲಿ, ಮಟಾಟು ಎಂದು ಕರೆಯುವ ಸಣ್ಣ ಬಸ್ಸುಗಳಲ್ಲಿ, ದಾರಿಬದಿ ಹಣ್ಣಿನ ಅಂಗಡಿಯಲ್ಲಿ 50, 100ರ ನೋಟುಗಳೇ ಕೆಲಸಕ್ಕೆ ಬರುವುದು. ಎಟಿಎಂನಿಂದ ಸಾಮಾನ್ಯವಾಗಿ 1000ದ ನೋಟೇ ಉದುರುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಏನಾದರೂ ಕೊಂಡು ಮೊದಲು ಅದನ್ನು ಒಡೆಸಿಕೊಳ್ಳಿ. ಕೆಲವು ವಾರ ಉಳಿಯುವವರು ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಂಡು ಎಂ-ಪೇಸಾ ಮಾಡಿಸಿಕೊಳ್ಳುವುದು ಒಳ್ಳೆಯದು.

ಖೋಟಾ ನೋಟು ಹೇಗೆ ಗುರುತು ಹಿಡಿಯೋದು?

ಮುಟ್ಟಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಓರೆಮಾಡಿ ನೋಡಿ. ಅಸಲಿ ನೋಟಿನಲ್ಲಿ ಅಕ್ಷರ ಮತ್ತು ಚಿತ್ರದ ಕೆಲವು ಭಾಗ ಬೆರಳಿಗೆ ಉಬ್ಬಾಗಿ ತಾಗುತ್ತದೆ. ಬೆಳಕಿಗೆ ಹಿಡಿದರೆ ಕಾಗದದ ಒಳಗೆ ಸಿಂಹದ ತಲೆ ಕಾಣಬೇಕು, ಅದರ ಜತೆ ನೋಟಿನ ಮೌಲ್ಯದ ಅಂಕಿಯೂ ಇರಬೇಕು. ಓರೆಮಾಡಿದರೆ ಭದ್ರತಾ ಎಳೆಯ ಬಣ್ಣ ಬದಲಾಗಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ನೋಟು ತೆಗೆದುಕೊಳ್ಳಬೇಡಿ. ಬ್ಯಾಂಕಿಗೆ ಒಯ್ದ ಮೇಲೆ ಖೋಟಾ ಎಂದು ಗೊತ್ತಾದರೆ ನೋಟು ವಾಪಸ್ ಬರುವುದಿಲ್ಲ, ಅದರ ಬದಲಿಗೆ ಹಣವೂ ಸಿಗುವುದಿಲ್ಲ. ಹಾಗಾಗಿ ಕೈಯಿಂದ ಕೈಗೆ ಬರುವ ಕ್ಷಣದಲ್ಲೇ ನೋಡಿಕೊಳ್ಳಬೇಕು. ಅಲ್ಲಿನ ಅಂಗಡಿಯವರೂ ನಿಮ್ಮ 1000ದ ನೋಟನ್ನು ಮೇಲೆತ್ತಿ ನೋಡುತ್ತಾರೆ, ಬೇಜಾರು ಮಾಡಿಕೊಳ್ಳುವಂಥದ್ದೇನಲ್ಲ.

‘ಬಾಬ್’, ‘ಸೋ’, ‘ಥಾವ್’ ಅಂತೆಲ್ಲ ಅಂತಾರೆ, ಏನದು?

ನೈರೋಬಿ ಬೀದಿಯ ಮಾತು. ಬಾಬ್ ಅಂದರೆ ಶಿಲ್ಲಿಂಗ್, ಸೋ ಅಂದರೆ ನೂರು, ಥಾವ್ ಅಂದರೆ ಸಾವಿರ. ‘ಂಬಾವೋ’ ಎಂದರೆ ಇಪ್ಪತ್ತು. ಟ್ಯಾಕ್ಸಿಯವನು ‘ಸೋ ಟಾನೊ’ ಎಂದರೆ ಐದು ನೂರು. ಇವುಗಳಲ್ಲಿ ರಾಜಕೀಯ ಅಡಗಿರುವ ಹೆಸರು ಒಂದಿದೆ: 500ರ ನೋಟಿಗೆ ‘ಜಿರೊಂಗೊ’ ಎನ್ನುತ್ತಿದ್ದರು. 1992ರ ಚುನಾವಣೆಯಲ್ಲಿ ಆಳುವ ಪಕ್ಷದ ಪರವಾಗಿ ದುಡಿದ ಯುವಕರ ಗುಂಪಿನ ಮುಂದಾಳು ಸೈರಸ್ ಜಿರೊಂಗೊ. ಆ ದಿನಗಳಲ್ಲಿ ಹೊಸ 500ರ ನೋಟು ಊರೂರಿನಲ್ಲಿ ಹರಿದಾಡಿತು, ಜನ ನೋಟಿಗೇ ಅವರ ಹೆಸರಿಟ್ಟರು. ಆ ಚುನಾವಣೆಯ ನಂತರ ಬೆಲೆಯೇರಿಕೆ ಹೇಗಿತ್ತು ಎಂಬುದು ಕೆಳಗೆ ಬೇರೆ ಉತ್ತರದಲ್ಲಿದೆ.

## ನೋಟಿನ ಮೇಲೆ ಏನಿದೆ

ಈಗಿನ ನೋಟಿನ ಮೇಲೆ ಯಾರ ಫೋಟೋ ಇದೆ?

ಯಾರದ್ದೂ ಇಲ್ಲ. ಇರಬಾರದು ಎಂದು ಸಂವಿಧಾನವೇ ಹೇಳುತ್ತದೆ. 2010ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದ 231ನೇ ವಿಧಿಯ 4ನೇ ಉಪವಿಧಿ ನೋಟು ಮತ್ತು ನಾಣ್ಯದ ಮೇಲೆ ಕೀನ್ಯಾವನ್ನೋ ಕೀನ್ಯಾದ ಯಾವುದಾದರೂ ಮುಖವನ್ನೋ ತೋರಿಸುವ ಚಿತ್ರ ಇರಬಹುದು, ಯಾವುದೇ ವ್ಯಕ್ತಿಯ ಭಾವಚಿತ್ರ ಇರಕೂಡದು ಎನ್ನುತ್ತದೆ.

ಒಂದು ದೇಶ ಇಂಥ ಮಾತನ್ನು ಸಂವಿಧಾನದಲ್ಲೇ ಬರೆದುಕೊಳ್ಳಬೇಕಾದರೆ ಅದಕ್ಕೆ ಅನುಭವದ ಹಿನ್ನೆಲೆ ಇರಬೇಕು. ಕೀನ್ಯಾದಲ್ಲಿ ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟಾ ಅವರ ಚಿತ್ರ 1966ರಿಂದ ನೋಟಿನ ಮೇಲಿತ್ತು. 1978ರಲ್ಲಿ ಅವರು ತೀರಿಕೊಂಡ ಮೇಲೆ, 1980ರಿಂದ ಡೇನಿಯಲ್ ಅರಪ್ ಮೋಯಿ ಅವರ ಚಿತ್ರ ಬಂತು. ಮೋಯಿ 24 ವರ್ಷ ಆಳಿದರು. ಕುರ್ಚಿಯ ಮೇಲೆ ಕೂತವನ ಮುಖವೇ ಜನರ ಜೇಬಿನಲ್ಲೂ ಇರುವ ಪದ್ಧತಿಗೆ ಅಷ್ಟೂ ವರ್ಷ ಅಂತ್ಯ ಕಾಣಲಿಲ್ಲ. 2002ರ ಕೊನೆಯಲ್ಲಿ ಗೆದ್ದ ಕಿಬಾಕಿ ಕಾಲದಲ್ಲಿ ನೋಟಿನ ಮೇಲೆ ಮತ್ತೆ ಕೆನ್ಯಾಟಾ ಚಿತ್ರ ಬಂತು. 2010ರ ಸಂವಿಧಾನ ಈ ಬದಲಾವಣೆಗಳಿಗೆಲ್ಲ ಮಂಗಳ ಹಾಡಿತು. ಇದು ಆ ಸಂವಿಧಾನದ ಅತ್ಯಂತ ವಿವೇಕದ ಸಾಲುಗಳಲ್ಲಿ ಒಂದು ಎಂದು ನಾನು ಮನಸಾರೆ ನಂಬುತ್ತೇನೆ.

ಹಾಗಾದ್ರೆ ಚಿತ್ರ ಏನಿದೆ?

2019ರ ಸರಣಿಯ ಐದೂ ನೋಟುಗಳ ಮುಂಬದಿಯಲ್ಲಿ ನೈರೋಬಿಯ ಕೆನ್ಯಾಟಾ ಅಂತರರಾಷ್ಟ್ರೀಯ ಸಮ್ಮೇಳನ ಕೇಂದ್ರದ ಕಟ್ಟಡವಿದೆ. ದುಂಡಗಿನ ಗೋಪುರ, ಪಕ್ಕದಲ್ಲಿ ಮುಚ್ಚಿದ ಮೊಗ್ಗಿನಂಥ ಸಭಾಂಗಣ, ನಗರದ ಗುರುತೇ ಆಗಿಬಿಟ್ಟಿರುವ ಕಟ್ಟಡ ಅದು. ಹಿಂಬದಿಯಲ್ಲಿ ಒಂದೊಂದು ನೋಟಿಗೆ ಒಂದೊಂದು ವಿಷಯ: 50ಕ್ಕೆ ಹಸಿರು ಇಂಧನ, 100ಕ್ಕೆ ಬೇಸಾಯ, 200ಕ್ಕೆ ಸಮಾಜಸೇವೆ, 500ಕ್ಕೆ ಪ್ರವಾಸೋದ್ಯಮ, 1000ಕ್ಕೆ ಆಡಳಿತ. ಜತೆಗೆ ಸಫಾರಿಗೆ ಹೋದವರು ಎಣಿಸಿಕೊಂಡು ಬರುವ ಐದು ದೊಡ್ಡ ಪ್ರಾಣಿಗಳಿಗೂ ಈ ನೋಟುಗಳಲ್ಲಿ ಜಾಗ ಸಿಕ್ಕಿದೆ: ಸಿಂಹ, ಆನೆ, ಚಿರತೆ, ಘೇಂಡಾಮೃಗ, ಕಾಡೆಮ್ಮೆ.

50ರ ನೋಟಿನಲ್ಲಿ ಹಸಿರು ಇಂಧನವನ್ನು ಆರಿಸಿದ್ದು ನನಗೆ ತುಂಬ ಇಷ್ಟವಾದ ಸಂಗತಿ. ಕೀನ್ಯಾದ ರಿಫ್ಟ್ ಕಣಿವೆಯ ಓಲ್‌ಕಾರಿಯಾದಲ್ಲಿ ನೆಲದೊಳಗಿನ ಬಿಸಿಹಬೆಯಿಂದ ವಿದ್ಯುತ್ ತೆಗೆಯುತ್ತಾರೆ. ಆ ದೇಶದ ವಿದ್ಯುತ್ತಿನ ದೊಡ್ಡ ಪಾಲು ಹೀಗೆ ಭೂಮಿಯ ಶಾಖದಿಂದ ಬರುತ್ತದೆ. ಕೂಲಿಯವನ ಕೈಯಲ್ಲೂ ಇರುವ ಅತಿ ಚಿಕ್ಕ ನೋಟಿನ ಮೇಲೆ ಇದನ್ನು ಹಾಕಿದ್ದಾರೆ.

ನಾಣ್ಯದ ಮೇಲೆ?

ಅಲ್ಲೂ ಮುಖ ಹೋಯಿತು, ಪ್ರಾಣಿ ಬಂತು. 2018ರ ಡಿಸೆಂಬರ್‌ನಲ್ಲಿ ಬಂದ ಹೊಸ ನಾಣ್ಯಗಳಲ್ಲಿ ಒಂದು ಶಿಲ್ಲಿಂಗ್‌ಗೆ ಜಿರಾಫೆ, ಐದಕ್ಕೆ ಘೇಂಡಾಮೃಗ, ಹತ್ತಕ್ಕೆ ಸಿಂಹ, ಇಪ್ಪತ್ತಕ್ಕೆ ಆನೆ. ಇನ್ನೊಂದು ಬದಿಯಲ್ಲಿ ದೇಶದ ಲಾಂಛನ.

ಆದ್ರೆ ಕಟ್ಟಡದ ಮುಂದೆ ಕೆನ್ಯಾಟಾ ಪ್ರತಿಮೆ ಕಾಣ್ಸುತ್ತಲ್ಲ, ಅದು ಭಾವಚಿತ್ರ ಅಲ್ವಾ?

ಇದೇ ಪ್ರಶ್ನೆ ನೈರೋಬಿಯ ಹೈಕೋರ್ಟಿಗೆ ಹೋಯಿತು. ಸಮ್ಮೇಳನ ಕೇಂದ್ರದ ಅಂಗಳದಲ್ಲಿ ಜೋಮೊ ಕೆನ್ಯಾಟಾ ಅವರ ಕೂತ ಭಂಗಿಯ ದೊಡ್ಡ ಪ್ರತಿಮೆಯಿದೆ, ನೋಟಿನ ಚಿತ್ರದಲ್ಲಿ ಅದೂ ಬಂದಿದೆ. ನೋಟು ಹೊರಬಂದಾಗ ಅಧಿಕಾರದಲ್ಲಿದ್ದವರು ಜೋಮೊ ಅವರ ಮಗ ಉಹುರು ಕೆನ್ಯಾಟಾ. ಸಂವಿಧಾನ ಬಾಗಿಲಿನಿಂದ ಹೊರಗೆ ಕಳಿಸಿದ ಮುಖವನ್ನು ಕಿಟಕಿಯಿಂದ ಒಳಗೆ ತಂದಿದ್ದಾರೆ ಎಂದು ಜನ ದೂರಿದರು. ಹೋರಾಟಗಾರ ಓಕಿಯಾ ಓಮ್ಟಾಟಾ ದಾವೆ ಹೂಡಿದರು. 2019ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು: ಅದು ಕಟ್ಟಡದ ನೋಟದ ಭಾಗವಾಗಿ ಬಂದ ಪ್ರತಿಮೆ, ಸಂವಿಧಾನ ನಿಷೇಧಿಸಿದ ಅರ್ಥದ ಭಾವಚಿತ್ರ ಅಲ್ಲ ಎಂಬುದು ತೀರ್ಪಿನ ಸಾರ.

ಕಾನೂನಿನ ದೃಷ್ಟಿಯಿಂದ ವಿಷಯ ಅಲ್ಲಿಗೆ ಮುಗಿದಿದೆ. ನನ್ನ ಅಭಿಪ್ರಾಯ ಕೇಳಿದರೆ, ಬೇರೆ ಕೋನದಿಂದ ಚಿತ್ರ ತೆಗೆದಿದ್ದರೆ ಪ್ರತಿಮೆಯಿಲ್ಲದೆಯೂ ಆ ಗೋಪುರ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು. ಆದರೂ ಒಬ್ಬ ಸಾಮಾನ್ಯ ಪ್ರಜೆ ನೋಟಿನ ಚಿತ್ರವನ್ನು ಸಂವಿಧಾನದ ಸಾಲಿನ ಪಕ್ಕದಲ್ಲಿಟ್ಟು ಪ್ರಶ್ನೆ ಕೇಳಬಹುದು, ನ್ಯಾಯಾಲಯ ಅದಕ್ಕೆ ಉತ್ತರ ಕೊಡಬೇಕು ಎನ್ನುವ ಸ್ಥಿತಿಯೇ ಮೋಯಿ ಕಾಲಕ್ಕೆ ಹೋಲಿಸಿದರೆ ಬಹಳ ದೊಡ್ಡ ಬದಲಾವಣೆ.

## 2019ರ ನೋಟು ರದ್ದತಿ

ಅಲ್ಲೂ ನಮ್ಮ ಹಾಗೆ ನೋಟ್ ಬ್ಯಾನ್ ಆಗಿತ್ತಂತೆ ಹೌದಾ?

ಹೌದು, ಆದರೆ ನಡೆದ ಬಗೆ ಬೇರೆ. 2019ರ ಜೂನ್ 1, ಅವರ ಮಡರಾಕಾ ದಿನ. ಬ್ರಿಟಿಷರ ಅಡಿಯಲ್ಲೇ 1963ರಲ್ಲಿ ಸ್ವಯಮಾಡಳಿತ ಸಿಕ್ಕಿದ ನೆನಪಿನ ಹಬ್ಬ. ನಾರೋಕ್‌ನಲ್ಲಿ ನಡೆದ ಸಮಾರಂಭದಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಪ್ಯಾಟ್ರಿಕ್ ಂಜೊರೊಗೆ ಹೊಸ ನೋಟುಗಳನ್ನು ಪ್ರಕಟಿಸಿ, ಹಳೆಯ 1000 ಶಿಲ್ಲಿಂಗ್ ನೋಟು ಸೆಪ್ಟೆಂಬರ್ 30ರ ನಂತರ ನಡೆಯುವುದಿಲ್ಲ ಎಂದರು. ರದ್ದಾದದ್ದು 1000ದ ನೋಟೊಂದೇ. ಹಳೆಯ 50, 100, 200, 500 ಹೊಸವುಗಳ ಜತೆಯಲ್ಲೇ ನಡೆದವು. ಉದ್ದೇಶ ಎರಡು: ಕಪ್ಪುಹಣ ಮತ್ತು ಖೋಟಾ ನೋಟು.

ಜನರಿಗೆ ನಾಲ್ಕು ತಿಂಗಳು ಸಮಯ ಸಿಕ್ಕಿತು. ಸಣ್ಣ ಮೊತ್ತಕ್ಕೆ ಯಾವ ತಾಪತ್ರಯವೂ ಇರಲಿಲ್ಲ, ದೊಡ್ಡ ಮೊತ್ತಕ್ಕೆ ಮಾತ್ರ ಹಣ ಎಲ್ಲಿಂದ ಬಂತು ಎಂಬ ವಿವರ ಕೊಡಬೇಕಿತ್ತು. ನೆರೆಯ ತಾಂಜಾನಿಯಾ, ಉಗಾಂಡದ ಕೇಂದ್ರ ಬ್ಯಾಂಕುಗಳು ಅಕ್ರಮ ಹಣ ತಮ್ಮ ಕಡೆಗೆ ನುಗ್ಗದಿರಲಿ ಎಂದು ಕೀನ್ಯಾ ಶಿಲ್ಲಿಂಗ್ ವಿನಿಮಯವನ್ನೇ ನಿಲ್ಲಿಸಿದವು.

ಎಷ್ಟು ನೋಟು ವಾಪಸ್ ಬರಲಿಲ್ಲ?

ಸುಮಾರು 21 ಕೋಟಿ 70 ಲಕ್ಷ ಹಳೆಯ 1000ದ ನೋಟು ಚಲಾವಣೆಯಲ್ಲಿದ್ದವು. ಗಡುವು ಮುಗಿದಾಗ 73 ಲಕ್ಷ 86 ಸಾವಿರ ನೋಟು ಮರಳಿರಲಿಲ್ಲ. ಅಂದರೆ 738.6 ಕೋಟಿ ಶಿಲ್ಲಿಂಗ್ ಬರೀ ಕಾಗದವಾಯಿತು. ಒಟ್ಟು ನೋಟಿನಲ್ಲಿ ಇದು ಶೇ 3.4ರಷ್ಟು.

ನಮ್ಮಲ್ಲಿ 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ರದ್ದಾದಾಗ ಚಲಾವಣೆಯಲ್ಲಿದ್ದ ಹಣದ ಶೇ 86ರಷ್ಟು ಕೆಲವೇ ಗಂಟೆಗಳಲ್ಲಿ ಕೈಬಿಟ್ಟಿತು, ಕೊನೆಗೆ ಶೇ 99.3ರಷ್ಟು ಬ್ಯಾಂಕಿಗೆ ಮರಳಿತು. ಕೀನ್ಯಾದವರು ಮೊದಲೇ ಹೇಳಿ, ಸಮಯ ಕೊಟ್ಟು, ಒಂದೇ ನೋಟನ್ನು ಹಿಂತೆಗೆದುಕೊಂಡರು, ಆದರೂ ಮರಳದ ಪಾಲು ಅಲ್ಲೇ ಹೆಚ್ಚು. ದಿಢೀರ್ ಆಘಾತ ಕೊಟ್ಟರಷ್ಟೇ ಕಳ್ಳಹಣ ಸಿಕ್ಕಿಬೀಳುತ್ತದೆ ಎಂಬ ವಾದವನ್ನು ಈ ಎರಡು ಅಂಕಿಗಳ ಎದುರು ನಿಲ್ಲಿಸುವುದು ಕಷ್ಟ. ಎಟಿಎಂ ಮುಂದಿನ ಸಾಲುಗಳಲ್ಲಿ ನಿಂತ ನಮ್ಮ ಹಿರಿಯರನ್ನು ನೆನೆದರೆ, ನಾಲ್ಕು ತಿಂಗಳ ಆ ಗಡುವು ಎಷ್ಟು ದೊಡ್ಡ ಮರ್ಯಾದೆ ಎಂಬುದು ತಿಳಿಯುತ್ತದೆ.

ನಮ್ಮನೇಲಿ ಹಳೇ 1000 ಶಿಲ್ಲಿಂಗ್ ನೋಟು ಸಿಕ್ಕಿದೆ, ಈಗ ಬದಲಾಯಿಸಬಹುದಾ?

ಇಲ್ಲ. 2019ರ ಅಕ್ಟೋಬರ್ 1ರಿಂದ ಅದಕ್ಕೆ ಚಲಾವಣೆಯ ಬೆಲೆಯಿಲ್ಲ. ಮೇಲೆ ಕೆನ್ಯಾಟಾ ಅಥವಾ ಮೋಯಿ ಮುಖ ಇದ್ದರೆ ಅದು ಹಳೆಯದು. ಸಂಗ್ರಾಹಕರಿಗೆ ಕೊಡಬಹುದು, ಆದರೆ ಸಾಮಾನ್ಯ ಸ್ಥಿತಿಯ ನೋಟಿಗೆ ಹೆಚ್ಚು ನಿರೀಕ್ಷೆ ಬೇಡ. ‘ಹಳೆ ನೋಟು ಬದಲಾಯಿಸಿಕೊಡ್ತೀವಿ, ಮೊದಲು ಶುಲ್ಕ ಕಟ್ಟಿ’ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

2024ರಲ್ಲಿ ಮತ್ತೆ ಹೊಸ ನೋಟು ಬಂತಲ್ಲ, 2019ರದ್ದು ನಡೆಯುತ್ತಾ?

ನಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ಬಂದವು ಅದೇ ಸರಣಿಯ ಪರಿಷ್ಕೃತ ನೋಟುಗಳು. ಗವರ್ನರ್ ಕಮಾವು ಥುಗ್ಗೆ ಅವರ ಸಹಿ, ಅಚ್ಚಾದ ವರ್ಷ ಮತ್ತು ಭದ್ರತಾ ಎಳೆ ಬದಲಾಗಿವೆ, ಚಿತ್ರ ಹಾಗೆಯೇ ಇದೆ.

## ರೂಪಾಯಿಯ ಕಾಲ

ಅಲ್ಲಿ ಒಂದು ಕಾಲದಲ್ಲಿ ನಮ್ಮ ರೂಪಾಯಿನೇ ನಡೀತಿತ್ತು ಅಂತಾರೆ, ನಿಜನಾ?

ನಿಜ. ಹಿಂದೂ ಮಹಾಸಾಗರದ ವ್ಯಾಪಾರ ರೂಪಾಯಿಯನ್ನು ಬ್ರಿಟಿಷ್ ಆಡಳಿತಕ್ಕಿಂತ ಮುಂಚೆಯೇ ಜಂಜಿಬಾರ್, ಮೊಂಬಾಸಾ ತೀರಕ್ಕೆ ಒಯ್ದಿತ್ತು. ಮೊದಲು ಅಲ್ಲಿ ಕವಡೆಯೂ ಮರಿಯಾ ಥೆರೆಸಾ ಎಂಬ ಬೆಳ್ಳಿ ನಾಣ್ಯವೂ ನಡೆಯುತ್ತಿದ್ದವು. ನಿಧಾನವಾಗಿ ಆ ಜಾಗವನ್ನು ರೂಪಾಯಿ ಹಿಡಿಯಿತು. ಇಂಪೀರಿಯಲ್ ಬ್ರಿಟಿಷ್ ಈಸ್ಟ್ ಆಫ್ರಿಕಾ ಕಂಪನಿ 1888ರಲ್ಲಿ ಮೊಂಬಾಸಾ ಎಂಬ ಹೆಸರು ಹಾಕಿ ತನ್ನದೇ ರೂಪಾಯಿ ನಾಣ್ಯವನ್ನು ಅಚ್ಚುಹಾಕಿಸಿತು. ಆಮೇಲೆ ಬಂದ ಸರ್ಕಾರಿ ಆಡಳಿತವೂ ರೂಪಾಯಿಯಲ್ಲೇ ಲೆಕ್ಕ ಇಟ್ಟಿತು.

ರೂಪಾಯಿಯ ಬೇರು ಒಳನಾಡಿಗೂ ಇಳಿದದ್ದು ರೈಲ್ವೆಯಿಂದ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ಹಳಿ ಹಾಕಲು ಬ್ರಿಟಿಷರು ಭಾರತದಿಂದ ಸುಮಾರು 32 ಸಾವಿರ ಕೂಲಿಯಾಳುಗಳನ್ನು ಕರಾರಿನ ಮೇಲೆ ಒಯ್ದರು. ಹೆಚ್ಚಿನವರು ಪಂಜಾಬಿನವರು. ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲೇ ಸತ್ತರು, ಆರೂವರೆ ಸಾವಿರಕ್ಕೂ ಹೆಚ್ಚು ಮಂದಿ ಅಲ್ಲೇ ನೆಲೆ ನಿಂತರು. ಹಳಿಯ ಉದ್ದಕ್ಕೂ ಗುಜರಾತಿ ವ್ಯಾಪಾರಿಗಳ ಅಂಗಡಿ ಎದ್ದವು. ಉಪ್ಪು, ಬಟ್ಟೆ, ಸಕ್ಕರೆ ಕೊಳ್ಳಲು ಆಫ್ರಿಕನ್ ರೈತ ಮೊದಲ ಬಾರಿ ಕೈಯಲ್ಲಿ ಹಿಡಿದ ನಾಣ್ಯ ಎಷ್ಟೋ ಕಡೆ ರೂಪಾಯಿ.

ಮತ್ತೆ ರೂಪಾಯಿ ಯಾಕೆ ಬಿಟ್ಟರು?

ಬೆಳ್ಳಿಯ ಬೆಲೆ, ಮತ್ತು ಬಿಳಿಯ ಜಮೀನುದಾರರ ಸಾಲ. ಮೊದಲ ಮಹಾಯುದ್ಧಕ್ಕೆ ಮುಂಚೆ 15 ರೂಪಾಯಿಗೆ ಒಂದು ಪೌಂಡ್, ಅಂದರೆ ರೂಪಾಯಿಗೆ ಬ್ರಿಟನ್ನಿನ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್ (ಆಗ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗ್‌ಗೆ 12 ಪೆನ್ಸ್). ಯುದ್ಧ ಮುಗಿಯುವ ಹೊತ್ತಿಗೆ ಬೆಳ್ಳಿ ದುಬಾರಿಯಾಗಿ ರೂಪಾಯಿ ಎರಡು ಶಿಲ್ಲಿಂಗನ್ನೂ ದಾಟಿತು. ಕೀನ್ಯಾದ ಎತ್ತರದ ನಾಡಿನಲ್ಲಿ ಜಮೀನು ಹಿಡಿದಿದ್ದ ಬಿಳಿಯರು ಸಾಲ ಮಾಡಿದ್ದು ರೂಪಾಯಿಯಲ್ಲಿ, ಬೆಳೆ ಮಾರುತ್ತಿದ್ದದ್ದು ಲಂಡನ್ನಿನಲ್ಲಿ ಪೌಂಡಿಗೆ. 1,500 ರೂಪಾಯಿ ಸಾಲ ತೀರಿಸಲು ಮೊದಲು 100 ಪೌಂಡ್ ಸಾಕಿತ್ತು. ರೂಪಾಯಿಗೆ ಎರಡು ಶಿಲ್ಲಿಂಗ್ ಆದ ಮೇಲೆ 150 ಪೌಂಡ್ ಬೇಕಾಯಿತು. ಗದ್ದಲ ಎದ್ದಿತು.

1919ರ ಕೊನೆಗೆ ಲಂಡನ್ನಿನಲ್ಲಿ ಪೂರ್ವ ಆಫ್ರಿಕ ಕರೆನ್ಸಿ ಮಂಡಳಿ ಸ್ಥಾಪನೆಯಾಯಿತು. 1920ರಲ್ಲಿ ರೂಪಾಯಿಯನ್ನು ಎರಡು ಶಿಲ್ಲಿಂಗ್‌ಗೆ ಕಟ್ಟಿಹಾಕಿ, ಅದರ ಬದಲು ಫ್ಲೋರಿನ್ ಎಂಬ ಹೊಸ ನಾಣ್ಯ ತಂದರು. ಅಷ್ಟರಲ್ಲಿ ಭಾರತದಲ್ಲಿ ರೂಪಾಯಿಯ ದರ ಕುಸಿಯಿತು. ಬೊಂಬಾಯಿಯಲ್ಲಿ ಅಗ್ಗದ ರೂಪಾಯಿ ಕೊಂಡು ಮೊಂಬಾಸಾದಲ್ಲಿ ಎರಡು ಶಿಲ್ಲಿಂಗ್‌ಗೆ ಬದಲಾಯಿಸಿದರೆ ಸಲೀಸಾದ ಲಾಭ. ಆ ದಾರಿ ಮುಚ್ಚಲು 1921ರಲ್ಲಿ ಭಾರತದ ರೂಪಾಯಿಯ ಚಲಾವಣೆಯನ್ನೇ ನಿಲ್ಲಿಸಿದರು. ಫ್ಲೋರಿನ್ ಕೂಡ ಹೆಚ್ಚು ಕಾಲ ಬಾಳಲಿಲ್ಲ, ಅದನ್ನು ಅರ್ಧ ಮಾಡಿ ಶಿಲ್ಲಿಂಗ್ ತಂದರು. ನೂರು ವರ್ಷ ದಾಟಿದ ಶಿಲ್ಲಿಂಗ್ ಲೆಕ್ಕ ಅಲ್ಲಿಂದ ಶುರು. ಈ ಏರಿಳಿತದಲ್ಲಿ ನೆಲದಲ್ಲಿ ಹೂತಿಟ್ಟ ರೂಪಾಯಿಯೊಂದಿಗೆ ಉಳಿದ ಹಳ್ಳಿಯವರ ಮಾತನ್ನು ಯಾವ ಮಂಡಳಿಯೂ ಕೇಳಲಿಲ್ಲ.

ಸ್ವತಂತ್ರವಾದ ತಕ್ಷಣ ಹೊಸ ನೋಟು ಬಂತಾ?

ಇಲ್ಲ. 1963ರ ಡಿಸೆಂಬರ್ 12ಕ್ಕೆ ಸ್ವಾತಂತ್ರ್ಯ, ಸ್ವಂತ ನೋಟು 1966ರ ಸೆಪ್ಟೆಂಬರ್ 14ಕ್ಕೆ. ನಡುವೆ ಹಳೆಯ ಕರೆನ್ಸಿ ಮಂಡಳಿಯೇ 1964ರಲ್ಲಿ ಒಂದು ಸರಣಿ ಹೊರಡಿಸಿತು. ಅದರಲ್ಲಿ ರಾಣಿ ಎಲಿಜಬೆತ್ ಚಿತ್ರ ತೆಗೆದು ವಿಕ್ಟೋರಿಯಾ ಸರೋವರದ ಹಾಯಿದೋಣಿ ಹಾಕಿದರು. ಮೂರು ದೇಶಗಳಿಗೂ ಒಪ್ಪಿಗೆಯಾಗುವ ಮುಖ ಇರಲಿಲ್ಲ, ಸರೋವರ ಮಾತ್ರ ಮೂವರದ್ದೂ ಆಗಿತ್ತು. ಮುಖವಿಲ್ಲದ ನೋಟು ಕೀನ್ಯಾಕ್ಕೆ 2019ರಲ್ಲಿ ಹೊಸದಾಗಿ ಹೊಳೆದದ್ದಲ್ಲ ಎಂಬುದಕ್ಕೆ ಈ ಚೆಂದದ ನೋಟೇ ಸಾಕ್ಷಿ. ಇದನ್ನು ಜನ ಹೆಚ್ಚು ನೆನೆಯದಿರುವುದು ನನಗೆ ಬೇಸರದ ಸಂಗತಿ.

## ಇನ್ನಷ್ಟು ಆಳಕ್ಕೆ

ಸಂಗ್ರಹ ಶುರುಮಾಡ್ಬೇಕು, ಯಾವುದರಿಂದ ಶುರುಮಾಡ್ಲಿ?

2019ರ ಐದು ನೋಟು, 2018ರ ನಾಲ್ಕು ನಾಣ್ಯ. ಹೋಗಿಬರುವ ಪರಿಚಿತರ ಮೂಲಕ ಗರಿಗರಿ ನೋಟೇ ಸಿಗುತ್ತದೆ. ಆಮೇಲೆ ಮೋಯಿ ಕಾಲದ ಸಣ್ಣ ನೋಟುಗಳು, ನಂತರ 1966ರ ಮೊದಲ ಸರಣಿ. 1964ರ ಹಾಯಿದೋಣಿಯ ನೋಟು ಸಿಕ್ಕರೆ ಬಿಡಬೇಡಿ. 1920ರ ಫ್ಲೋರಿನ್ ನೋಟುಗಳು ವಿರಳ, ಖೋಟಾ ಬೆರೆಯುವ ಜಾಗವೂ ಅದೇ, ತಿಳಿದವರಿಗೆ ತೋರಿಸದೆ ಕೊಳ್ಳಬೇಡಿ. ಕಡಿಮೆ ಖರ್ಚಿನಲ್ಲಿ ಸಂತೋಷ ಕೊಡುವುದು ಪೂರ್ವ ಆಫ್ರಿಕದ 1, 5 ಮತ್ತು 10 ಸೆಂಟ್ ನಾಣ್ಯಗಳು. ನಮ್ಮ 1943ರ ತೂತಿನ ದುಡ್ಡಿನ ಹಾಗೆ ಇವಕ್ಕೂ ನಡುವೆ ತೂತಿದೆ. ನೋಟನ್ನು ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಪಿವಿಸಿ ಹಾಳೆಯ ಆಲ್ಬಂನಲ್ಲಿ ಇಡಬೇಡಿ.

ನೋಟು ಎಲ್ಲಿ ಅಚ್ಚಾಗುತ್ತೆ?

ಬಹುಕಾಲ ಬ್ರಿಟನ್ನಿನ ಡೆ ಲಾ ರೂ ಕಂಪನಿ ಅಚ್ಚುಹಾಕಿತು, ನೈರೋಬಿಯಲ್ಲೇ ಅದರ ಕಾರ್ಖಾನೆಯಿತ್ತು. 2019ರಲ್ಲಿ ಕೀನ್ಯಾ ಸರ್ಕಾರ ಅಲ್ಲಿನ ಘಟಕದಲ್ಲಿ ಶೇ 40 ಪಾಲು ಪಡೆಯಿತು. ಕೇಂದ್ರ ಬ್ಯಾಂಕಿನಿಂದ ಹೊಸ ಬೇಡಿಕೆ ಇಲ್ಲವೆಂದು 2023ರ ಜನವರಿಯಲ್ಲಿ ಕಂಪನಿ ಅಲ್ಲಿ ನೋಟು ಮುದ್ರಣ ನಿಲ್ಲಿಸಿತು. 2024ರಲ್ಲಿ ಕೆಲಸ ಜರ್ಮನಿಯ ಗೀಸೆಕೆ ಡೆವ್ರಿಯೆಂಟ್ ಕಂಪನಿಗೆ ಹೋಯಿತು. ಮೈಸೂರಿನಲ್ಲೇ ನೋಟಿನ ಮುದ್ರಣಾಲಯವೂ ನೋಟಿನ ಕಾಗದದ ಕಾರ್ಖಾನೆಯೂ ಇರುವ ನಮಗೆ ಇದರ ಮಹತ್ವ ಬೇಗ ಅರ್ಥವಾಗುತ್ತದೆ.

ಶಿಲ್ಲಿಂಗ್ ಬೆಲೆ ಇಷ್ಟು ಇಳಿದದ್ದು ಹೇಗೆ?

1966ರಲ್ಲಿ ಒಂದು ಡಾಲರಿಗೆ 7.14 ಶಿಲ್ಲಿಂಗ್. ಇಳಿತ ಬಹುಕಾಲ ಮೆಲ್ಲಗಿತ್ತು. ದೊಡ್ಡ ಪೆಟ್ಟು ಬಿದ್ದದ್ದು 1992-93ರಲ್ಲಿ. ಬಹುಪಕ್ಷ ಚುನಾವಣೆಗೆ ಹಣ ಹರಿಯಿತು, ವಿದೇಶಿ ನೆರವು ನಿಂತಿತ್ತು, ಜತೆಗೆ ಗೋಲ್ಡನ್‌ಬರ್ಗ್ ಹಗರಣ: ರಫ್ತಾಗದ ಚಿನ್ನ, ವಜ್ರವನ್ನು ರಫ್ತು ಮಾಡಿದಂತೆ ತೋರಿಸಿ ಖಜಾನೆಯಿಂದ ಪ್ರೋತ್ಸಾಹಧನ ಎತ್ತಿದರು. 1993ರಲ್ಲಿ ಹಣದುಬ್ಬರ ಶೇ 46ರಷ್ಟಾಯಿತು. ಸಂಬಳದವರ ಉಳಿತಾಯ ಕರಗಿಹೋಯಿತು. ಆ ಹೊತ್ತಿಗೇ ವಿನಿಮಯ ನಿಯಂತ್ರಣ ಸಡಿಲಿಸಿ ಶಿಲ್ಲಿಂಗ್ ದರವನ್ನು ಮಾರುಕಟ್ಟೆಗೆ ಬಿಟ್ಟರು.

ಇತ್ತೀಚಿನ ಆತಂಕ 2024ರ ಜನವರಿಯದು. ಜೂನ್‌ನಲ್ಲಿ 200 ಕೋಟಿ ಡಾಲರ್ ಬಾಂಡ್ ಸಾಲ ತೀರಿಸಬೇಕಿತ್ತು, ಕೀನ್ಯಾದ ಕೈಲಾಗುವುದೇ ಎಂಬ ಅನುಮಾನದಲ್ಲಿ ದರ ಡಾಲರಿಗೆ 160ರವರೆಗೆ ಕುಸಿಯಿತು. ಫೆಬ್ರುವರಿಯಲ್ಲಿ ಸರ್ಕಾರ 150 ಕೋಟಿ ಡಾಲರಿನ ಹೊಸ ಬಾಂಡ್ ಮಾರಿ ಹಳೆಯದನ್ನು ಬಹುಪಾಲು ವಾಪಸ್ ಕೊಂಡಿತು. ಕೆಲವೇ ವಾರಗಳಲ್ಲಿ ದರ 130ರ ಹತ್ತಿರಕ್ಕೆ ಚೇತರಿಸಿಕೊಂಡಿತು. ಸಾಲ ಮಾತ್ರ ಕಡಿಮೆಯಾಗಲಿಲ್ಲ, ಅವಧಿ ಮುಂದಕ್ಕೆ ಹೋಯಿತು.

ಪೂರ್ವ ಆಫ್ರಿಕಕ್ಕೆಲ್ಲ ಒಂದೇ ದುಡ್ಡು ಬರುತ್ತೆ ಅಂತಿದ್ರು, ಏನಾಯ್ತು?

2013ರ ನವೆಂಬರ್ 30ರಂದು ಕೀನ್ಯಾ, ತಾಂಜಾನಿಯಾ, ಉಗಾಂಡ, ರುವಾಂಡಾ, ಬುರುಂಡಿ ಸೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಗುರಿ 2024 ಆಗಿತ್ತು, ಈಗ 2031ಕ್ಕೆ ಮುಂದೂಡಿದ್ದಾರೆ. ಸೇರುವ ದೇಶದ ಹಣದುಬ್ಬರ ಶೇ 8ರೊಳಗಿರಬೇಕು, ವಿತ್ತೀಯ ಕೊರತೆ ದೇಶದ ಉತ್ಪನ್ನದ ಶೇ 3 ಮೀರಬಾರದು, ಸಾಲ ಶೇ 50 ದಾಟಬಾರದು, ನಾಲ್ಕೂವರೆ ತಿಂಗಳ ಆಮದಿಗೆ ಸಾಲುವ ವಿದೇಶಿ ವಿನಿಮಯ ಇರಬೇಕು. ಕೀನ್ಯಾ ಹಣದುಬ್ಬರದ ಷರತ್ತನ್ನು ಪೂರೈಸಬಲ್ಲದು, ಸಾಲ ಮತ್ತು ಕೊರತೆಯಲ್ಲಿ ಸೋಲುತ್ತಿದೆ. 2031ಕ್ಕೂ ಇದು ಆಗುವುದು ಅನುಮಾನ ಎಂದೇ ನನ್ನ ಲೆಕ್ಕ. ಬಂದರೆ, ಆ ನೋಟಿನ ಮೇಲೆ ಯಾವ ಚಿತ್ರ ಎಂಬ ಚರ್ಚೆಗೆ ಕೀನ್ಯಾ ತನ್ನ ಸಂವಿಧಾನದ 231ನೇ ವಿಧಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕಾಗುತ್ತದೆ.